ಬೀರುವಿನ ಬೀಗ ತೆರೆದ ಮೇಲೆ

ವಿದ್ಯಾಶಾಲೆಗಳ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಕಟ್ಟಡವನ್ನೂ ಪಾಠಪಟ್ಟಿಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಕುರಿತು ಮಾತನಾಡುತ್ತೇವೆಯೇ ಹೊರತು, ಪಠ್ಯಪುಸ್ತಕದಲ್ಲಿಲ್ಲದ ಪ್ರಶ್ನೆಯೊಂದು ಮಗುವಿನ ಮನಸ್ಸಿನಲ್ಲಿ ಎದ್ದಾಗ ಅದಕ್ಕೆ ಉತ್ತರವನ್ನು ಹುಡುಕಿಕೊಳ್ಳುವುದಕ್ಕೆ ಆ ಶಾಲೆಯಲ್ಲಿ ಎಡೆಯೇನಾದರೂ ಉಂಟೇ ಎಂದು ವಿಚಾರಿಸುವವರು ವಿರಳ. ರಾಜಾಜಿನಗರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಬೋಧಿಸುತ್ತ ಕೂದಲು ನರೆಸಿಕೊಂಡ ನಾನು, ಆ ಕಾಲದ ಬಹುಭಾಗ ಶಾಲೆಯ ಪುಸ್ತಕಭಂಡಾರದ ಉಸ್ತುವಾರಿಯನ್ನೂ ಹೊತ್ತಿದ್ದವನಾದುದರಿಂದ, ಆ ಎಡೆಯು ಬೀಗ ಹಾಕಿದ ಬೀರುವಿನಿಂದ ಅಂಗೈಯಗಲದ ಗಾಜಿನ ಪರದೆಗೆ ಸ್ಥಳಾಂತರಗೊಂಡುದನ್ನು ಕಣ್ಣಾರೆ ಕಂಡಿದ್ದೇನೆ. ಈ ಬದಲಾವಣೆಯಲ್ಲಿ ಬಂದದ್ದೇನು, ಬಾರದೆ ಉಳಿದದ್ದೇನು ಎಂಬುದನ್ನು ನೆನಪಿದ್ದಷ್ಟು ಬರೆದಿಡುವುದು ಈ ಲೇಖನದ ಉದ್ದೇಶ.

ನಾನು ಸೇವೆಗೆ ಸೇರಿದುದು ಎಂಬತ್ತರ ದಶಕದ ಆದಿಯಲ್ಲಿ. 1949ರಲ್ಲಿ, ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತು ಹುಟ್ಟಿದ ರಾಜಾಜಿನಗರವು ಆ ವೇಳೆಗೆ ಸಣ್ಣಪುಟ್ಟ ಕಾರ್ಖಾನೆಗಳ ಸದ್ದಿನಿಂದ ತುಂಬಿಹೋಗಿದ್ದಿತು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುವವರ, ಊದುಬತ್ತಿ ಹೊಸೆಯುವವರ, ಮಿಲ್ಲುಗಳಿಗೆ ಪಾಳಿಯ ಮೇಲೆ ಹೋಗುವವರ ಮಕ್ಕಳು. ಪಂಚಾಂಗವನ್ನೂ ಗೋಡೆಯ ಕ್ಯಾಲೆಂಡರನ್ನೂ ಬಿಟ್ಟರೆ ಅವರ ಮನೆಗಳಲ್ಲಿ ಅಚ್ಚಾದ ಹಾಳೆಯೇ ದುರ್ಲಭವಾಗಿದ್ದಿತು. ಅಂಥ ಮಕ್ಕಳಿಗೆ ಪುಸ್ತಕವೆಂಬುದು ಕಾಣಸಿಗಬೇಕಾದರೆ ಅದು ಶಾಲೆಯಲ್ಲಿಯೇ ಸಿಗಬೇಕು. ಆದರೆ ಶಾಲೆಯ ಪುಸ್ತಕಭಂಡಾರವೆಂದರೆ ಹೆಡ್‌ಮಾಸ್ತರರ ಕೊಠಡಿಯ ಮೂಲೆಯಲ್ಲಿದ್ದ ಎರಡು ಉಕ್ಕಿನ ಬೀರುಗಳು, ಅವುಗಳ ಬೀಗದ ಕೈ, ಆ ಬೀಗದ ಕೈಯನ್ನು ಹೊತ್ತ ಒಬ್ಬ ಉಪಾಧ್ಯಾಯ, ಇಷ್ಟೇ.

ಈ ಹೊಣೆಗೆ ನಮ್ಮಲ್ಲಿ 'ಲೈಬ್ರರಿ ಚಾರ್ಜು' ಎಂದು ಹೆಸರು. ಅದನ್ನು ವಹಿಸುವಾಗ ಯಾರಿಗೆ ಓದಿನಲ್ಲಿ ಅಭಿರುಚಿಯುಂಟೆಂದು ನೋಡುವ ಪದ್ಧತಿಯಿರಲಿಲ್ಲ. ಯಾರ ವೇಳಾಪಟ್ಟಿಯಲ್ಲಿ ಒಂದೆರಡು ಪಿರಿಯಡ್ಡು ಕಡಮೆಯಿದೆಯೋ, ಯಾರು ಶಾಲೆಗೆ ಹೊಸಬರೋ, ಅವರ ಕೊರಳಿಗೆ ಅದು ಬೀಳುತ್ತಿದ್ದಿತು. ಚಾರ್ಜು ವಹಿಸಿಕೊಂಡವನು ದಾಸ್ತಾನು ಪುಸ್ತಕಕ್ಕೆ ಸಹಿಮಾಡಬೇಕು. ವರ್ಷಕ್ಕೊಮ್ಮೆ ಪುಸ್ತಕಗಳನ್ನು ಎಣಿಸಿ ಒಪ್ಪಿಸಬೇಕು. ಎಣಿಕೆಯಲ್ಲಿ ಕೊರತೆ ಬಿದ್ದರೆ ಅದರ ಬೆಲೆಯನ್ನು ತಾನೇ ತೆರಬೇಕು. ಹೀಗಿರುವಲ್ಲಿ ಸಂಸಾರವಂದಿಗನಾದ ಮೇಷ್ಟರು ಬೀರುವಿಗೆ ಬೀಗ ಹಾಕಿ ನೆಮ್ಮದಿಯಾಗಿರುವುದನ್ನೇ ಕರ್ತವ್ಯಪಾಲನೆಯೆಂದು ಬಗೆದರೆ ಅವರನ್ನು ದೂರುವುದು ನ್ಯಾಯವಾಗದು. ಮಕ್ಕಳಿಗೂ ಪುಸ್ತಕಕ್ಕೂ ನಡುವೆ ನಿಂತದ್ದು ವ್ಯಕ್ತಿಯ ಔದಾಸೀನ್ಯಕ್ಕಿಂತ ಹೆಚ್ಚಾಗಿ ಆ ರಿಜಿಸ್ಟರಿನ ಭಯ.

ಬೀರುವಿನೊಳಗೆ ಇದ್ದ ಸಂಪತ್ತಾದರೋ ಸಾಮಾನ್ಯವಾದುದಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ಬರೆದು 1936ರಲ್ಲಿ ಹೊರತಂದ ಮೂರು ಸಂಪುಟಗಳ 'ಬಾಲಪ್ರಪಂಚ', ಅದರ ಮುಂದಿನ ಹೆಜ್ಜೆಯಾಗಿ ನಾಲ್ಕು ಸಂಪುಟಗಳಲ್ಲಿ ಬಂದ ಅವರದೇ 'ವಿಜ್ಞಾನ ಪ್ರಪಂಚ', ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗಾಗಿಯೇ ಸಿದ್ಧವಾದ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಇವು ಕನ್ನಡದ ಮಕ್ಕಳಿಗೆ ಹಿರಿಯರು ಕಟ್ಟಿಕೊಟ್ಟ ಬುತ್ತಿ. ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ವೂ ಸಾಹಿತ್ಯ ಪರಿಷತ್ತಿನ 'ಕನ್ನಡ ನಿಘಂಟು'ವೂ ಸಂಪುಟ ಸಂಪುಟವಾಗಿ ಬರುತ್ತಿದ್ದುವು. ವಿಶ್ವಕೋಶದ ಮೊದಲ ಸಂಪುಟ ಬಂದುದು 1969ರಲ್ಲಿ, ಹದಿನಾಲ್ಕನೆಯದು ಬಂದುದು 2004ರಲ್ಲಿ, ಜಿ. ವೆಂಕಟಸುಬ್ಬಯ್ಯನವರು ಪ್ರಧಾನ ಸಂಪಾದಕರಾಗಿ ನಡೆಸಿದ ನಿಘಂಟು 1970ರಲ್ಲಿ ಮೊದಲಾಗಿ 1995ರಲ್ಲಿ ಎಂಟನೆಯ ಸಂಪುಟದೊಡನೆ ಸಮಾಪ್ತಿಗೊಂಡಿತು. ಅಕಾರದಿಂದ ಹೊರಟು ಹಕಾರವನ್ನು ಮುಟ್ಟುವುದಕ್ಕೆ ಕನ್ನಡದ ವಿದ್ವಾಂಸರ ಒಂದು ತಲೆಮಾರೇ ಸವೆದಿತೆಂದರೆ ಅತಿಶಯೋಕ್ತಿಯಲ್ಲ.

ಇದರ ಪರಿಣಾಮವೊಂದು ವಿನೋದವಾಗಿಯೂ ಇದ್ದಿತು. ಒಂದು ಮಳೆಗಾಲ ಎಂಟನೆಯ ತರಗತಿಯ ಹುಡುಗನೊಬ್ಬ ಹಲ್ಲಿಯು ಗೋಡೆಯ ಮೇಲಿಂದ ಏಕೆ ಬೀಳುವುದಿಲ್ಲವೆಂದು ಕೇಳಿದ. ವಿಶ್ವಕೋಶವನ್ನು ಬಳಸುವುದನ್ನು ಕಲಿಸಲು ಇದು ತಕ್ಕ ಸಮಯವೆಂದು ಬೀರು ತೆಗೆಸಿದರೆ, 'ಹಲ್ಲಿ' ಇರಬೇಕಾದ ಹಕಾರದ ಸಂಪುಟ ಇನ್ನೂ ಅಚ್ಚಿಗೇ ಹೋಗಿರಲಿಲ್ಲ. ಬೇರೆ ಪುಸ್ತಕಗಳ ವಿಷಯಸೂಚಿಯಲ್ಲಿ ಸರೀಸೃಪಗಳನ್ನು ಹುಡುಕುತ್ತ ಹೋಗಬೇಕಾಯಿತು. ಹಾಗೆ ಹುಡುಕುವುದರಲ್ಲಿ ಆ ಹುಡುಗ ಹಾವನ್ನೂ ಮೊಸಳೆಯನ್ನೂ ಓದಿಕೊಂಡು ಸಂಜೆಯ ಗಂಟೆ ಬಾರಿಸಿದರೂ ಏಳಲಿಲ್ಲ. ಯಾವ ಪ್ರಶ್ನೆಯನ್ನು ಯಾವ ತಲೆಬರಹದ ಕೆಳಗೆ ಅರಸಬೇಕು, ವಿಷಯಸೂಚಿಯೆಂದರೇನು, ಅಕಾರಾದಿಯಲ್ಲಿ ಒತ್ತಕ್ಷರದ ಸ್ಥಾನವೆಲ್ಲಿ ಎಂಬ ವಿದ್ಯೆಯನ್ನು ಯಾವ ಪಾಠಪಟ್ಟಿಯೂ ಹೇಳಿಕೊಡುತ್ತಿರಲಿಲ್ಲ. ಪುಸ್ತಕದ ಪಕ್ಕದಲ್ಲಿ ಕುಳಿತ ಒಬ್ಬ ಹಿರಿಯನಿಂದ ಮಾತ್ರ ಅದು ಮಗುವಿಗೆ ದಾಟುತ್ತಿದ್ದಿತು.

ಈ ಮಾತನ್ನು ಶಾಸ್ತ್ರವಾಗಿ ಕಟ್ಟಿದ ಮಹನೀಯರು ನಮ್ಮ ಊರಿನಲ್ಲಿಯೇ ಬಾಳಿ ಇಲ್ಲಿಯೇ 1972ರಲ್ಲಿ ತೀರಿಕೊಂಡರೆಂಬುದು ಎಷ್ಟು ಮಂದಿ ಬೆಂಗಳೂರಿಗರಿಗೆ ಗೊತ್ತೋ ನಾನರಿಯೆ. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದವರು. ಪುಸ್ತಕವನ್ನು ಕಾಯುವುದಕ್ಕಿಂತ ಬಳಕೆಗೆ ಬಿಡುವುದೇ ಗ್ರಂಥಪಾಲನ ಮೊದಲ ಧರ್ಮವೆಂದೂ, ಓದುಗನಿಗೂ ಅವನಿಗೆ ತಕ್ಕ ಪುಸ್ತಕಕ್ಕೂ ಒಬ್ಬ ಮನುಷ್ಯ ಮಧ್ಯಸ್ಥನಾಗಿ ನಿಂತು ಸಂಬಂಧ ಕಲ್ಪಿಸಬೇಕೆಂದೂ ಅವರು ಬಾಳಿನುದ್ದಕ್ಕೂ ಸಾಧಿಸಿದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಈಗ ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯಲ್ಲಿ, ಎಂಟನೆಯ ಮೈಲಿಯ ಬಳಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿದೆ. ದೇಶದ ದೊಡ್ಡ ದೊಡ್ಡ ಗ್ರಂಥಾಲಯಗಳಿಗೆ ತಜ್ಞರನ್ನು ಕಳುಹಿಸಿಕೊಟ್ಟ ಆ ಆವರಣದ ಮುಂದೆಯೇ ದಿನವೂ ಬಸ್ಸಿನಲ್ಲಿ ಹಾದುಹೋಗುವ ಸಾವಿರಾರು ಶಾಲಾಮಕ್ಕಳಲ್ಲಿ ಬಹುಪಾಲಿನವರ ಶಾಲೆಗಳಿಗೆ ಒಬ್ಬ ಗ್ರಂಥಪಾಲನಿಲ್ಲವೆಂಬುದು ದೀಪದ ಬುಡದ ಕತ್ತಲೆಯಲ್ಲದೆ ಮತ್ತೇನು?

ಕಾನೂನೂ ಈ ವಿಷಯದಲ್ಲಿ ಮಕ್ಕಳ ಕೈಹಿಡಿಯಲಿಲ್ಲ. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿ ಬಡಾವಣೆ ಬಡಾವಣೆಗೂ ವಾಚನಾಲಯಗಳು ಹುಟ್ಟುವುದಕ್ಕೆ ಕಾರಣವಾಯಿತು. ಅದು ಸ್ತುತ್ಯವೇ ಸರಿ. ಆದರೆ ಶಾಲೆಯ ಬೀರು ಅದರ ವ್ಯಾಪ್ತಿಗೆ ಬರಲಿಲ್ಲ. ಮುಂದೆ 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿಯೊಂದು ಶಾಲೆಯಲ್ಲಿಯೂ ವೃತ್ತಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ, ಕಥೆಪುಸ್ತಕಗಳಿರುವ ಗ್ರಂಥಾಲಯವಿರತಕ್ಕದ್ದೆಂದು ಅನುಸೂಚಿಯಲ್ಲಿ ಬರೆಯಿತು. ಅದೇ ಅನುಸೂಚಿಯಲ್ಲಿ ಚಿತ್ರಕಲೆಗೂ ದೈಹಿಕ ಶಿಕ್ಷಣಕ್ಕೂ ವೃತ್ತಿ ಶಿಕ್ಷಣಕ್ಕೂ ಅರೆಕಾಲಿಕ ಬೋಧಕರ ಮಾತು ಬಂದಿತೇ ಹೊರತು ಗ್ರಂಥಪಾಲನ ಮಾತು ಬರಲಿಲ್ಲ. ಗುಡಿ ಕಟ್ಟಿಸಿ ಅರ್ಚಕನನ್ನು ನೇಮಿಸದೆ ಬಿಟ್ಟಂತಾಯಿತು.

ಇಷ್ಟರಲ್ಲಿ ಲೋಕವೇ ಬದಲಾಯಿತು. ವಿಕಿಪೀಡಿಯ 2001ರಲ್ಲಿ ಹುಟ್ಟಿತು, ಅದರ ಕನ್ನಡ ಶಾಖೆ 2003ರಲ್ಲಿ. 1768ರಿಂದ ಅಚ್ಚಾಗುತ್ತ ಬಂದಿದ್ದ ಬ್ರಿಟಾನಿಕ ವಿಶ್ವಕೋಶವು 2012ರಲ್ಲಿ ಮುದ್ರಣವನ್ನೇ ನಿಲ್ಲಿಸಿತು. ರಾಜಾಜಿನಗರ, ವಿಜಯನಗರಗಳ ಅಡ್ಡರಸ್ತೆಗಳಲ್ಲಿ ಸೈಬರ್ ಸೆಂಟರುಗಳು ತಲೆಯೆತ್ತಿದುವು. ಶಾಲೆಗಳಲ್ಲಿ 'ಪ್ರಾಜೆಕ್ಟ್' ಎಂಬ ಹೊಸ ಪದ್ಧತಿ ಆರಂಭವಾದೊಡನೆ ಅವುಗಳ ಮುಂದೆ ಸಂಜೆಹೊತ್ತು ಸಮವಸ್ತ್ರದ ಮಕ್ಕಳು ಸಾಲುಗಟ್ಟಿ ನಿಲ್ಲತೊಡಗಿದರು. ಮಗುವು ವಿಷಯದ ಹೆಸರನ್ನಷ್ಟೇ ಹೇಳತಕ್ಕದ್ದು. ಅಂಗಡಿಯ ಹುಡುಗ ಗುಂಡಿಯೊತ್ತಿ, ಕಣ್ಣಿಗೆ ಮೊದಲು ಬಿದ್ದ ಪುಟವನ್ನು ಮುದ್ರಿಸಿ, ಹಾಳೆಗಿಷ್ಟೆಂದು ಕಾಸು ಎಣಿಸಿಕೊಳ್ಳತಕ್ಕದ್ದು. ಬೀರುವಿನ ಬೀಗ ತೆರೆದಂತಾಯಿತೆಂದು ನಮಗೆಲ್ಲ ಸಂತೋಷವೇ ಆಯಿತು.

ಆ ಪ್ರಾಜೆಕ್ಟುಗಳನ್ನು ತಿದ್ದಲು ಕುಳಿತಾಗ ಬೇರೊಂದು ಸಂಗತಿ ಗೋಚರವಾಯಿತು. ಮುದ್ರಿತ ಹಾಳೆಯನ್ನು ಅಂಟಿಸಕೂಡದು, ಕೈಯಿಂದ ಬರೆದು ತರಬೇಕೆಂದು ನಾವು ವಿಧಿಸಿದ್ದೆವು. ಮಕ್ಕಳು ಶ್ರದ್ಧೆಯಿಂದ ಬರೆದೂ ತಂದಿದ್ದರು. ಆದರೆ ಒಂದೊಂದು ತಲೆಬರಹದ ಪಕ್ಕದಲ್ಲಿಯೂ 'ಸಂಪಾದಿಸಿ' ಎಂಬ ಮಾತು, ವಾಕ್ಯಗಳ ಕೊನೆಯಲ್ಲಿ ಚೌಕ ಕಂಸದೊಳಗೆ ಒಂದು, ಎರಡು, ಮೂರು ಎಂಬ ಅಂಕಿಗಳು ಮುತ್ತಿನಂಥ ಅಕ್ಷರಗಳಲ್ಲಿ ಯಥಾವತ್ತಾಗಿ ಮೂಡಿದ್ದುವು. 'ಇದೇನಮ್ಮಾ, ಈ ಅಂಕಿ?' ಎಂದು ಒಬ್ಬಳನ್ನು ಕೇಳಿದರೆ, 'ಗೊತ್ತಿಲ್ಲ ಸಾರ್, ಅದರಲ್ಲೇ ಇತ್ತು' ಎಂದಳು. ಆ ಮಾತು ಯಾವ ಪುಸ್ತಕದಿಂದ ಬಂದಿತೆಂಬುದನ್ನು ತೋರಿಸಲೆಂದೇ ಇಟ್ಟ ಗುರುತದು. ಪುಟದ ಅಡಿಗೆ ಹೋಗಿ ನೋಡಿದ್ದರೆ ಆಧಾರದ ಹೆಸರು ಕಾಣುತ್ತಿದ್ದಿತು. ಅಡಿಗೆ ಹೋಗಿ ನೋಡಬೇಕೆಂದು ಹೇಳುವವರು ಸೈಬರ್ ಸೆಂಟರಿನಲ್ಲಿರಲಿಲ್ಲ, ಮನೆಯಲ್ಲಿರಲಿಲ್ಲ, ಶಾಲೆಯಲ್ಲಿಯೂ ಇರಲಿಲ್ಲ.

ಇದ್ದರೆ ಏನಾಗುತ್ತದೆಂಬುದನ್ನು ನಾನು ಕಂಡುದು ನಿವೃತ್ತಿಯ ತರುವಾಯ. ಕೆಂಗೇರಿಯ ಕಡೆಗೆ ಮನೆ ಬದಲಾಯಿಸಿದ ಮೇಲೆ ಅಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಆಗಾಗ ಹೋಗಿಬರುವ ಪರಿಪಾಠ ಬೆಳೆಯಿತು. ಅಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಅಧ್ಯಾಪಕಿಯೊಬ್ಬರು ಲೈಬ್ರರಿ ಚಾರ್ಜನ್ನು ತಾವಾಗಿ ಕೇಳಿ ಪಡೆದವರು. ಅವರು ಮಾಡಿದ ಮೊದಲ ಕಾರ್ಯವೆಂದರೆ, ಹಳೆಯ ಬೀರುವನ್ನು ಕಂಪ್ಯೂಟರ್ ಕೊಠಡಿಗೇ ಸಾಗಿಸಿ, ಪುಸ್ತಕವೂ ಪರದೆಯೂ ಒಂದೇ ಮೇಜಿನ ಮೇಲೆ ಬರುವಂತೆ ಮಾಡಿದುದು. 'ಎರಡನ್ನೂ ಬೇರೆ ಬೇರೆ ಇಟ್ರೆ ಮಕ್ಕಳು ಒಂದರ ಮಾತನ್ನೇ ನಂಬ್ತಾರೆ ಸಾರ್' ಎಂಬುದು ಅವರ ಸಮಾಧಾನ.

ಒಮ್ಮೆ ಒಂಬತ್ತನೆಯ ತರಗತಿಯವರಿಗೆ ತಮ್ಮ ಪ್ರದೇಶದ ಪ್ರಾಚೀನ ಸ್ಥಳವೊಂದನ್ನು ಕುರಿತು ಬರೆಯುವ ಕೆಲಸ ಕೊಟ್ಟಿದ್ದರು. ಮೈಸೂರು ರಸ್ತೆಯಲ್ಲಿ ಬಸ್ಸು ಹೋಗುವಾಗಲೆಲ್ಲ ಕಾಣುವ ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಾಲಯವನ್ನು ಒಂದು ಗುಂಪು ಆರಿಸಿಕೊಂಡಿತು. ಶ್ರೀ ವ್ಯಾಸರಾಯರು 1425ರಲ್ಲಿ ಅದನ್ನು ಪ್ರತಿಷ್ಠಾಪಿಸಿದರೆಂದು ಅಂತರಜಾಲದ ಹಲವು ಪುಟಗಳಲ್ಲಿದೆ. ಮಕ್ಕಳೂ ಅದನ್ನೇ ಬರೆದು ತಂದರು. ಮೇಡಂ ಅದನ್ನು ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ಕರಿಹಲಗೆಯ ಮೇಲೆ 1425 ಎಂದು ಬರೆದು, ವ್ಯಾಸರಾಯರು ಯಾವ ಕಾಲದವರೆಂಬುದನ್ನು ಹುಡುಕಿ ಪಕ್ಕದಲ್ಲಿ ಬರೆಯಿರೆಂದು ಬೇರೊಂದು ಗುಂಪಿಗೆ ಹೇಳಿದರು. ಒಂದು ಕಡೆ ಅವರ ಜನನ 1460ರ ಸುಮಾರು ಎಂದಿದ್ದಿತು, ಇನ್ನೊಂದು ಕಡೆ 1447 ಎಂದು. ಅವರು ಕಾಲವಾದುದು 1539ರಲ್ಲಿ ಎಂಬುದರಲ್ಲಿ ಮಾತ್ರ ಒಮ್ಮತ. ಮೂರನೆಯ ಗುಂಪಿನವನೊಬ್ಬ ಪಠ್ಯಪುಸ್ತಕವನ್ನೇ ಬಿಡಿಸಿ, ವ್ಯಾಸರಾಯರನ್ನು ಗೌರವಿಸಿದ ಕೃಷ್ಣದೇವರಾಯನು ಪಟ್ಟವೇರಿದುದು 1509ರಲ್ಲಿ ಎಂದು ಸೇರಿಸಿದ. ಕರಿಹಲಗೆಯನ್ನು ಒಂದು ಗಳಿಗೆ ದಿಟ್ಟಿಸಿದ ಹುಡುಗಿಯೊಬ್ಬಳು, 'ಮಿಸ್, ಅವರು ಹುಟ್ಟೋಕೆ ಮುಂಚೆನೇ ದೇವಸ್ಥಾನ ಹೆಂಗೆ ಕಟ್ಟಿದ್ರು?' ಎಂದಳು. ಕೊಠಡಿಯೆಲ್ಲ ನಕ್ಕಿತು.

ನಗೆ ಅಡಗಿದ ಮೇಲೆ ನಡೆದುದೇ ನಿಜವಾದ ಪಾಠ. ದೇವಾಲಯವನ್ನು ವ್ಯಾಸರಾಯರು ಸ್ಥಾಪಿಸಿದರೆಂಬುದು ಭಕ್ತರಲ್ಲಿ ನಡೆದುಬಂದ ಪ್ರತೀತಿ, ಅವರು ನಾಡಿನಾದ್ಯಂತ 732 ಆಂಜನೇಯ ವಿಗ್ರಹಗಳನ್ನು ಪ್ರತಿಷ್ಠಿಸಿದರೆಂಬುದೂ ಹಾಗೆಯೇ. ಪ್ರತೀತಿಯನ್ನು ಪ್ರತೀತಿಯೆಂದೇ ಗೌರವದಿಂದ ಬರೆಯಬೇಕು, ಇಸವಿಯನ್ನು ಮಾತ್ರ ಆಧಾರವಿದ್ದರೆ ಬರೆಯಬೇಕು ಎಂದು ಮೇಡಂ ತಿಳಿಯಹೇಳಿದರು. ಹತ್ತಾರು ಪುಟಗಳಲ್ಲಿ ಒಂದೇ ಮಾತಿದ್ದರೆ ಅದು ಹತ್ತಾರು ಸಾಕ್ಷಿಗಳಾಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರು ನಕಲು ಮಾಡಿಕೊಂಡಿರಬಹುದೆಂಬುದನ್ನು ಮಕ್ಕಳು ತಮ್ಮ ಪ್ರಾಜೆಕ್ಟಿನ ಅನುಭವದಿಂದಲೇ ಬಲ್ಲವರಾದುದರಿಂದ ಬೇಗನೆ ಒಪ್ಪಿದರು. ಆ ದಿನ ಬಳಸಿದ ಪರದೆಯೂ ಪುಟಗಳೂ ಸೈಬರ್ ಸೆಂಟರಿನಲ್ಲಿ ಇದ್ದುವೇ. ಹೊಸದಾಗಿ ಬಂದುದು ಪ್ರಶ್ನೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಒಬ್ಬ ಶಿಕ್ಷಕಿ ಮಾತ್ರ.

ಬಸವೇಶ್ವರನಗರದ ಒಂದು ಶಾಲೆಗೆ ಬಸವ ಜಯಂತಿಯ ವಚನಪಠಣ ಸ್ಪರ್ಧೆಯ ತೀರ್ಪುಗಾರನಾಗಿ ಹೋದಾಗಲೂ ಇಂಥದೇ ಅನುಭವ. ಮಗುವೊಂದು ಮೊಬೈಲಿನಲ್ಲಿ ಹರಿದಾಡಿ ಬಂದ ರಚನೆಯೊಂದನ್ನು ಬಸವಣ್ಣನವರದೆಂದು ಸುಶ್ರಾವ್ಯವಾಗಿ ಹೇಳಿತು. ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತವೇನೋ ಇದ್ದಿತು, ಮೇಲಿನ ಮಾತುಗಳು ಮಾತ್ರ ಈ ಶತಮಾನದವು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಪದಪದವಾಗಿ ಹುಡುಕಲು ಅನುವಾಗುವಂತೆ ಕನ್ನಡದ ಉತ್ಸಾಹಿಗಳು ಕಟ್ಟಿದ 'ವಚನ ಸಂಚಯ'ವು ಆ ಶಾಲೆಯ ಕಂಪ್ಯೂಟರಿನಲ್ಲಿಯೂ ತೆರೆಯಬಲ್ಲದಾಗಿದ್ದಿತು. ಸ್ಪರ್ಧೆ ಮುಗಿದ ಮೇಲೆ ಅಲ್ಲಿನ ಉಪಾಧ್ಯಾಯರಿಗೆ ಅದನ್ನು ತೋರಿಸಿದಾಗ, ಹಿಂದೆ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಮಗುಚಿಹಾಕಬೇಕಾಗಿದ್ದ ಕೆಲಸ ಕ್ಷಣಾರ್ಧದಲ್ಲಿ ಮುಗಿಯಿತು. ಅಂಥದೊಂದು ಸಾಧನವಿದೆಯೆಂಬ ಸುದ್ದಿಯೇ ಅವರಿಗೆ ಅದುವರೆಗೆ ಮುಟ್ಟಿರಲಿಲ್ಲ.

ಸಾಧನಗಳಿಗೆ ಇಂದು ಬಡತನವಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಕಿಯಾಗಿ ದುಡಿದು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ಕೋಶವು 'ಅಲರ್' ಎಂಬ ಹೆಸರಿನಲ್ಲಿ 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅಂತರಜಾಲದಲ್ಲಿ ಸರ್ಕಾರದ ಜ್ಞಾನಕೋಶ 'ಕಣಜ', ಪದಕೋಶ 'ಪದಕಣಜ'ಗಳಿವೆ. ಶಿಕ್ಷಕರಿಗಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವಿದೆ. 2017ರಲ್ಲಿ ಆರಂಭವಾದ ಡಿಜಿಟಲ್ ಪಾಠಗಳ ತಾಣ 'ದೀಕ್ಷಾ'ದ ಚೌಕುಳಿ ಸಂಕೇತ (ಕ್ಯೂಆರ್ ಕೋಡ್) ಪಠ್ಯಪುಸ್ತಕದ ಪುಟಗಳಲ್ಲಿಯೇ ಅಚ್ಚಾಗಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ತೆರೆದಿದೆ. ಹಿಂದೆ ಕೆಂಗೇರಿಯ ಮಗುವೊಂದು ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯಕ್ಕೆ ಹೋಗಬೇಕಾದರೆ ಬಸ್ಸು ಬದಲಾಯಿಸಿ ಅರ್ಧದಿನ ಕಳೆಯಬೇಕಾಗಿದ್ದಿತು. 2021ರಲ್ಲಿ ಮೆಟ್ರೋ ಕೆಂಗೇರಿಯನ್ನು ಮುಟ್ಟಿ ಆ ದಾರಿಯೂ ಸುಗಮವಾಯಿತು.

ಆದರೂ ಕನ್ನಡದ ಮಗುವಿನ ಪಾಲು ಇಂಗ್ಲಿಷಿನ ಮಗುವಿನ ಪಾಲಿಗೆ ಸಮವಾಗಿಲ್ಲ. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳು ಅರುವತ್ತು ಲಕ್ಷವನ್ನು ಮೀರಿದ್ದರೆ ಕನ್ನಡದ್ದು ಮೂವತ್ತು ಸಾವಿರದ ಆಸುಪಾಸು. ಹಳೆಯ ಕಾಲದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಎಷ್ಟೋ ಒಳ್ಳೆಯ ಬರಹಗಳು ಯುನಿಕೋಡಿಗೆ ಬಾರದೆ ಹುಡುಕುಯಂತ್ರದ ಕಣ್ಣಿಗೇ ಬೀಳುವುದಿಲ್ಲ. ಹೀಗಾಗಿ ಕನ್ನಡದಲ್ಲಿ ಹುಡುಕುವ ಮಗುವಿಗೆ ಮಾರ್ಗದರ್ಶಿ ಇಮ್ಮಡಿ ಅಗತ್ಯ. ಸಾಲದುದಕ್ಕೆ ಈಗ ಕೇಳಿದೊಡನೆ ಯಂತ್ರವೇ ವಾಕ್ಯಗಳನ್ನು ಹೊಸೆದು ಉತ್ತರ ಕೊಡುವ ಕಾಲ ಬಂದಿದೆ. ಅಂಥ ಉತ್ತರದಲ್ಲಿ ಎಷ್ಟೋ ಸಲ ಆ ಚೌಕ ಕಂಸದ ಅಂಕಿಯೂ ಇರುವುದಿಲ್ಲ. ಆಧಾರವೆಲ್ಲಿ ಎಂದು ಕೇಳುವ ಅಭ್ಯಾಸವೇ ಇಲ್ಲದವನಿಗೆ ಅದು ಇಲ್ಲವೆಂಬುದೂ ತಿಳಿಯದು.

ಆದುದರಿಂದ ನಾನು ಕಂಡುಕೊಂಡುದು ಇಷ್ಟು: ಪುಸ್ತಕ ದುರ್ಲಭವಾಗಿದ್ದಾಗ ಶಾಲೆಗೆ ಗ್ರಂಥಪಾಲನೊಬ್ಬನಿದ್ದರೆ ಒಳ್ಳೆಯದಾಗಿದ್ದಿತು, ಮಾಹಿತಿ ಅತಿಯಾದಾಗ ಅವನಿಲ್ಲದೆ ಕೆಲಸವೇ ನಡೆಯದು. ಪಾಠ ಹೇಳಬಲ್ಲ, ಪುಸ್ತಕವನ್ನು ಬಲ್ಲ, ಪರದೆಯನ್ನೂ ಬಲ್ಲ ಶಿಕ್ಷಕ-ಗ್ರಂಥಪಾಲನ ಹುದ್ದೆಯೊಂದನ್ನು ಪ್ರತಿ ಪ್ರೌಢಶಾಲೆಗೂ ಸರ್ಕಾರ ಮಂಜೂರು ಮಾಡಬೇಕು. ಅದು ಆಗುವವರೆಗೆ ಕಾಯಬೇಕಾಗಿಲ್ಲ. ಮುಖ್ಯೋಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಬರುವ ಜೂನ್ ತಿಂಗಳಲ್ಲಿ ವೇಳಾಪಟ್ಟಿಯನ್ನು ಬರೆಯುವಾಗ ಲೈಬ್ರರಿ ಚಾರ್ಜನ್ನು ಬಿಡುವಿರುವವರಿಗೆ ಕೊಡದೆ ಓದುವವರಿಗೆ ಕೊಡಿರಿ; ಅವರ ಪಾಠದ ಹೊರೆಯಲ್ಲಿ ವಾರಕ್ಕೆ ನಾಲ್ಕು ಪಿರಿಯಡ್ಡನ್ನಾದರೂ ಇಳಿಸಿರಿ; ಓದಿ ಹರಿದುಹೋದ ಪುಸ್ತಕದ ಬೆಲೆಯನ್ನು ಅವರಿಂದ ವಸೂಲು ಮಾಡಬೇಡಿರಿ.